ನಿಮ್ಮ ಕೋವಿಗೆ ಯಾವ ತೋಟಾ ಒಗ್ಗುತ್ತದೆ? ಹಾಳೆಗೆ ಹೊಡೆದು ತಿಳಿಯುವ ಕ್ರಮ

ಮಳೆ ಬಿಟ್ಟು ಬಿಸಿಲು ಬಿದ್ದ ಕೂಡಲೇ ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರು ಕಡೆಯ ಓದುಗರಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. "ನಮ್ಮ ಜೋಡಿ ನಳಿಗೆಗೆ ಯಾವ ತೋಟಾ ಒಳ್ಳೇದು ಸರ್?" ಅದರ ಬೆನ್ನಿಗೇ ಇನ್ನೊಂದು: "ಮನೆಯಲ್ಲೇ ತೋಟಾ ತುಂಬಿಸಿಕೊಳ್ಳಬಹುದಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಅಮೆರಿಕದಂಥ ಕಡೆ ಮದ್ದು, ಕೇಪು, ಗುಂಡು ಬೇರೆ ಬೇರೆ ಕೊಂಡು, ತೂಗಿ ತುಂಬಿ, ತಮ್ಮ ರೈಫಲ್‌ಗೆ ಹೊಂದುವ ತೋಟಾ ತಾವೇ ಮಾಡಿಕೊಳ್ಳುವುದು ದೊಡ್ಡ ಹವ್ಯಾಸ. ಆ ವಿಡಿಯೋಗಳನ್ನು ನೋಡಿಯೇ ನೀವು ಕೇಳುತ್ತೀರಿ ಅಂತ ಗೊತ್ತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ನಿಮ್ಮ ಕೈಲಿರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್, ತಯಾರಿಸುವುದಲ್ಲ. ಕಾನೂನು ಬಿಡಿ, ಮದ್ದು ಒಂದು ಚಿಟಿಕೆ ಜಾಸ್ತಿಯಾದರೆ ನಳಿಗೆ ಸೀಳುವುದು ನಿಮ್ಮ ಎಡಗೈ ಹಿಡಿದ ಜಾಗದಲ್ಲೇ. ಹಾಗಾಗಿ ಈ ಲೇಖನದಲ್ಲಿ ಕಾರ್ಖಾನೆಯ ತೋಟಾ ಬಿಟ್ಟು ಬೇರೆ ಮಾತಿಲ್ಲ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯವರ ವಿಷಯವೂ ಇಲ್ಲಿಲ್ಲ, ಅದರ ದಾರಿಯೇ ಬೇರೆ.

ಇನ್ನು ಮೊದಲ ಪ್ರಶ್ನೆ. ಯಾವ ತೋಟಾ ಒಳ್ಳೇದು ಅಂತ ನಾನು ಹೇಳಲಾರೆ, ಅಂಗಡಿಯವರೂ ಹೇಳಲಾರರು. ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಎರಡು ಕೋವಿಗಳು ಒಂದೇ ತೋಟಾವನ್ನು ಬೇರೆ ಬೇರೆ ರೀತಿ ಹರಡುತ್ತವೆ. ಜೋಡಿ ನಳಿಗೆಯಲ್ಲಂತೂ ಎಡದ ನಳಿಗೆಗೂ ಬಲದ ನಳಿಗೆಗೂ ಹೊಂದುವುದಿಲ್ಲ. ಗೊತ್ತಾಗಬೇಕಾದರೆ ದೊಡ್ಡ ಹಾಳೆ ಕಟ್ಟಿ, ಹೊಡೆದು, ತೂತು ಎಣಿಸಬೇಕು. ಅರ್ಧ ದಿನದ ಕೆಲಸ. ಇದು 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಚರೆ ಕೋವಿಗೆ, ಅಂದರೆ ಒಂಟಿ ಗುಂಡಿನ ಬದಲು ಸೀಸದ ಸಣ್ಣ ಕಾಳುಗಳನ್ನು ಹಾರಿಸುವ ಕೋವಿಗೆ ಬರೆದದ್ದು. ಪಾಯಿಂಟ್ 315 ರೈಫಲ್ ಇರುವವರಿಗೆ ಕೊನೆಯ ಹೊತ್ತಿಗೆ ನಾಲ್ಕು ಮಾತಿದೆ.

ಯಾಕೆ ಮಾಡಬೇಕು ಅಂತ ಕೇಳಬಹುದು. ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆ ನಿಷೇಧಿಸಿದೆ. ಹಂದಿ ಗದ್ದೆ ಉತ್ತು ಹಾಕಿದರೂ ಅಷ್ಟೇ, ಅರಣ್ಯ ಇಲಾಖೆಯ ಲಿಖಿತ ಆದೇಶ ಇಲ್ಲದೆ ಹೊಡೆದರೆ ನೀವೇ ಆರೋಪಿ. ಟ್ರ್ಯಾಪ್, ಸ್ಕೀಟ್ ಥರದ ಹಾರುವ ತಟ್ಟೆಗೆ ಹೊಡೆಯುವ ಆಟದವರಿಗೆ ಈ ಪರೀಕ್ಷೆ ಬೇಕೇಬೇಕು. ಕೋವಿಯನ್ನು ಗೋಡೆಗೆ ತೂಗುಹಾಕಿಕೊಂಡ ತೋಟದವರಿಗೆ ಅವರಿಗಿಂತ ಜಾಸ್ತಿ ಬೇಕು, ಯಾಕೆಂದರೆ ಚರೆ ಎಲ್ಲಿಗೆ ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ ಅನ್ನುವುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲು ನಾಲ್ಕು ಪದ

ನಳಿಗೆಯ ಹಿಂದಿನ ತುದಿಯಲ್ಲಿ ತೋಟಾ ಕೂರುವ ಗೂಡು ಚೇಂಬರ್. ನಾನು ತೋಟಾ ಮನೆ ಅನ್ನುತ್ತೇನೆ. ನಳಿಗೆಯ ಬಾಯಿಯ ಹತ್ತಿರ ಒಳಗಡೆ ಕೂದಲೆಳೆಯಷ್ಟು ಕಿರಿದಾಗಿರುತ್ತದೆ, ಅದು ಚೋಕ್. ಪೂರ್ತಿ ಚೋಕ್ ಅಂದರೂ ಸುಮಾರು 1 ಮಿಲಿಮೀಟರ್ ಕಿರಿದು, ಅಷ್ಟೇ. ನಲ್ಲಿ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ ಚರೆಯನ್ನು ಒಟ್ಟಾಗಿಟ್ಟು ಕಳಿಸುತ್ತದೆ. ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಟ್ಟಲು ಅಥವಾ ಬಿಲ್ಲೆ ವ್ಯಾಡ್. ಚರೆ ಹಾಳೆಯ ಮೇಲೆ ಮೂಡಿಸುವ ಹರವು ಪ್ಯಾಟರ್ನ್.

1. ಕಾಗದಪತ್ರ, ಜಾಗ

ಲೈಸೆನ್ಸ್ ತೆಗೆದು ಅವಧಿ ನೋಡಿ. 2019ರ ತಿದ್ದುಪಡಿಯಿಂದ ಅವಧಿ 3 ವರ್ಷದ ಬದಲು 5 ವರ್ಷ ಆಗಿದೆ. ಅದಕ್ಕೇ ಎಷ್ಟೋ ಜನ ಮರೆತು ಕೂತಿದ್ದಾರೆ. ನವೀಕರಣ ಆಗಿಲ್ಲದಿದ್ದರೆ ಕೋವಿ ಮುಟ್ಟದೆ ಮೊದಲು ಆ ಕೆಲಸ ಮಾಡಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನ ವಿನಾಯಿತಿ ಅಲ್ಲಿನ ಕೊಡವರಿಗೆ, ಜಮ್ಮಾ ಜಮೀನಿನವರಿಗೆ. ಗಡಿ ದಾಟಿ ಈಚೆ ಬಂದರೆ ಹಾಸನ, ಚಿಕ್ಕಮಗಳೂರಿನ ನಮಗೆಲ್ಲ ಲೈಸೆನ್ಸೇ ಗತಿ. ಹತ್ತಿರದಲ್ಲಿ ಚುನಾವಣೆ ಇದ್ದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗಿ ಬರಬಹುದು, ಅದನ್ನೂ ನೋಡಿಕೊಂಡು ದಿನ ಗೊತ್ತುಮಾಡಿ.

ತೋಟಾ ಲೆಕ್ಕವನ್ನೂ ಈಗಲೇ ಮಾಡಿ. ಲೈಸೆನ್ಸ್‌ನಲ್ಲಿ ಬರೆದಷ್ಟೇ ಕೊಳ್ಳಬಹುದು. ಈ ಪರೀಕ್ಷೆಗೆ ಒಂದು ನಮೂನೆಗೆ, ಒಂದು ನಳಿಗೆಗೆ 5 ತೋಟಾ ಬೇಕು. ಜೋಡಿ ನಳಿಗೆ, ಎರಡು ನಮೂನೆ ಅಂದರೆ 20.

ಜಾಗದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಲೈಸೆನ್ಸ್ ಇರುವ ರೈಫಲ್ ಕ್ಲಬ್ಬಿನ ಮೈದಾನವೇ ಸರಿ. ಅಲ್ಲಿ ಹಿಂದೆ ಮಣ್ಣಿನ ದಿಬ್ಬ ಇರುತ್ತದೆ, ದೂರ ಅಳೆದಿರುತ್ತಾರೆ, ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ನಡೆಸುವಾಗಲೂ ವಿಚಾರಿಸಿ ನೋಡಿ. "ಸ್ವಂತ ತೋಟ, ಯಾರು ಕೇಳ್ತಾರೆ" ಅನ್ನುವವರಿಗೆ ಹೇಳುವುದು ಇಷ್ಟು: ಅಜಾಗರೂಕತೆಯಿಂದ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಠಾಣೆಗೆ ಬರೆದುಕೊಟ್ಟು, ಒಪ್ಪಿಗೆ ಸಿಗದ ಹೊರತು ಸ್ವಂತ ತೋಟದಲ್ಲೂ ಬೇಡ. ಸಿಕ್ಕರೂ ಎತ್ತರದ ಮಣ್ಣಿನ ಬರೆ ಹಿಂದೆ ಇರಲೇಬೇಕು. ಕಲ್ಲು, ಮರ, ಕೆರೆ ನೀರು ಯಾವುದೂ ಆಗದು, ಚರೆ ತಟ್ಟಿ ವಾಪಸ್ ಬರುತ್ತದೆ.

ಚರೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಹಳೆಯ ಲೆಕ್ಕವೊಂದಿದೆ. ಒಂದು ಚರೆಯ ದಪ್ಪವನ್ನು ಇಂಚಿನಲ್ಲಿ ತೆಗೆದುಕೊಂಡು 2,200ರಿಂದ ಗುಣಿಸಿದರೆ ಗಜದ ಲೆಕ್ಕದಲ್ಲಿ ಅತಿ ಹೆಚ್ಚಿನ ದೂರ ಸಿಗುತ್ತದೆ. ಸಣ್ಣ ಗಾತ್ರದ 6ನೇ ನಂಬರ್ ಚರೆ ಸುಮಾರು 200 ಮೀಟರ್ ಹೋಗುತ್ತದೆ. ಅದಕ್ಕಿಂತ ದಪ್ಪದ ಬಿಬಿ ಚರೆ ಸುಮಾರು 320 ಮೀಟರ್. ಇನ್ನೂ ದಪ್ಪದ ಎಸ್‌ಜಿ ಚರೆ 650 ಮೀಟರ್ ದಾಟುತ್ತದೆ. ನಿಮ್ಮ ತೋಟದ ಲೈನ್ ಮನೆಗಳು ಎಷ್ಟು ದೂರ ಇವೆ? ಪಕ್ಕದ ಬ್ಲಾಕಿನಲ್ಲಿ ಹಣ್ಣು ಕುಯ್ಯುವವರು? ಮಂಗ ಓಡಿಸಲು ಸುಮ್ನೆ ಮೇಲಕ್ಕೆ ಹಾರಿಸಿದೆ ಅನ್ನುವವರು ಈ ಅಂಕಿಗಳನ್ನು ಇನ್ನೊಂದು ಸಲ ಓದಿ.

2. ನಳಿಗೆಯೊಳಗೆ ಕಣ್ಣಿಡಿ

ತೋಟಾ ಪಕ್ಕದ ಕೋಣೆಯಲ್ಲಿರಲಿ. ಕೋವಿ ಮುರಿದು (ನಡುವೆ ಮಡಿಸುವ ಕೋವಿಗೆ ಹಾಗೆ ಹೇಳುತ್ತೇವೆ) ಖಾಲಿ ಇದೆಯೆಂದು ಬೆರಳು ಹಾಕಿ ನೋಡಿ. ಆಮೇಲೆ ನಳಿಗೆ ಕಳಚಿ, ಬೆಳಕಿನ ಕಡೆ ಹಿಡಿದು ಎರಡೂ ತುದಿಯಿಂದ ನೋಡಿ.

ಒಳಗೆ ಕನ್ನಡಿಯಂಥ ಹೊಳಪು ಇರಬೇಕು. ಸಣ್ಣ ಕಪ್ಪು ಚುಕ್ಕೆ ತುಕ್ಕು. ಉದ್ದಕ್ಕೆ ಬೂದು ಗೀರು ಕಂಡರೆ ಅದು ಅಂಟಿದ ಸೀಸ, ಉಜ್ಜಿದರೆ ಹೋಗುತ್ತದೆ. ಉಂಗುರದಂಥ ನೆರಳು ಕಂಡರೆ ಮಾತ್ರ ಅಲ್ಲಿಗೆ ನಿಲ್ಲಿಸಿ. ಹಿಂದೆ ಯಾವಾಗಲೋ ಏನೋ ಅಡ್ಡ ಸಿಕ್ಕಿ ನಳಿಗೆ ಉಬ್ಬಿದೆ ಅಂತ ಅರ್ಥ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಅದರಲ್ಲಿ ಒಂದು ಈಡೂ ಹೊಡೆಯಬೇಡಿ.

ನಮ್ಮ ಕಡೆಯ ದೊಡ್ಡ ಕಾಟ ಕುಂಬಾರ ಹುಳ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಕೋವಿಯ ಬಾಯಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಒಂದು ವರ್ಷ ನಮ್ಮ ಕೋವಿಯ ಎಡ ನಳಿಗೆಯಲ್ಲಿ ಬಾಯಿಂದ ಗೇಣು ಒಳಗೆ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು. ಸರಳು ಹಾಕಿ ತಳ್ಳಿದರೆ ಒಣಗಿದ ಮಣ್ಣು, ಅದರೊಳಗೆ ಹುಳಕ್ಕೆ ಆಹಾರವಾಗಿ ತುರುಕಿಟ್ಟ ಐದಾರು ಹಸಿರು ಜೇಡ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಹಾಗೇ ಹೊಡೆದಿದ್ದರೆ ನಳಿಗೆ ಅಲ್ಲೇ ಹೂವಿನಂತೆ ಅರಳುತ್ತಿತ್ತು. ಠಾಣೆಯಿಂದ ವಾಪಸ್ ತಂದ ಕೋವಿಯನ್ನೂ ಹೀಗೇ ನೋಡಿ.

3. ತೋಟಾ ಮನೆಯ ಉದ್ದ

ಹೆಚ್ಚಿನವರು ಎಡವುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

12 ಬೋರ್ ತೋಟಾದಲ್ಲಿ ನಮಗೆ ಸಾಮಾನ್ಯವಾಗಿ ಸಿಗುವ ಉದ್ದ ಎರಡು: 65 ಮಿಲಿಮೀಟರ್ (ಎರಡೂವರೆ ಇಂಚು), 70 ಮಿಲಿಮೀಟರ್ (ಎರಡೂ ಮುಕ್ಕಾಲು ಇಂಚು). ಈ ಅಳತೆ ಹೊಡೆದಾದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹೊಸ ತೋಟಾದ ಬಾಯಿ ಮಡಚಿರುತ್ತದೆ, ಹಾಗಾಗಿ 70ರ ತೋಟಾ ಕೈಯಲ್ಲಿ ಅಳೆದರೆ 60ರ ಆಸುಪಾಸು ಮಾತ್ರ ಬರುತ್ತದೆ. ಅದು 65ರ ಮನೆಯೊಳಗೆ ಸಲೀಸಾಗಿ ಕೂರುತ್ತದೆ. ಕೋವಿಯೂ ಟಕ್ ಎಂದು ಮುಚ್ಚುತ್ತದೆ. "ಹೊಂದುತ್ತಲ್ಲ" ಅಂತ ನೀವು ಹೊಡೆಯುತ್ತೀರಿ. ಮಡಿಕೆ ಬಿಚ್ಚಿಕೊಳ್ಳಲು ಜಾಗ ಇಲ್ಲ, ಮನೆಯ ಮುಂದಿನ ಕಿರಿದಾದ ಭಾಗಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ, ಒಳಗಿನ ಒತ್ತಡ ಏರುತ್ತದೆ. ಹೊಸ ಕೋವಿ ಒಂದೆರಡು ಸಲ ತಡೆದುಕೊಂಡೀತು. ಅಜ್ಜನ ಕಾಲದ್ದು?

ನಮ್ಮ ಎಸ್ಟೇಟ್ ಬಂಗಲೆಗಳಲ್ಲಿ ಈಗಲೂ ಇರುವ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ 65ರ ಮನೆಯವೇ ಬಹಳ. ಕಳಚಿದ ನಳಿಗೆಯ ಕೆಳಭಾಗ, ಹಿಂದಿನ ತುದಿಯಲ್ಲಿ ಸಣ್ಣ ಮುದ್ರೆಗಳಿರುತ್ತವೆ. ಅಲ್ಲಿ 2½ ಅಥವಾ 65 ಎಂದಿದ್ದರೆ 65ರ ತೋಟಾ ಮಾತ್ರ. 2¾ ಅಥವಾ 70 ಎಂದಿದ್ದರೆ ಎರಡೂ ಆಗುತ್ತದೆ. ಏನೂ ಇಲ್ಲದಿದ್ದರೆ 65 ಎಂದೇ ತಿಳಿಯಿರಿ, ರಿಪೇರಿಯವರ ಬಳಿ ಗೇಜ್ ಹಾಕಿಸಿ ಖಚಿತ ಮಾಡಿಕೊಳ್ಳಿ. 'ನೈಟ್ರೋ ಪ್ರೂಫ್' ಎಂಬ ಮುದ್ರೆ ಇದ್ದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ನಳಿಗೆ ಅಂತ. 'ನಾಟ್ ಫಾರ್ ಬಾಲ್' ಎಂದಿದ್ದರೆ ಆ ನಳಿಗೆಯಲ್ಲಿ ಒಂಟಿ ಗುಂಡು ಹೊಡೆಯಬಾರದು, ಒಳಗೆ ಚೋಕ್ ಇದೆ.

ನಳಿಗೆಯ ಹೊರಮೈ ಮೇಲೆ ಹಗ್ಗ ಹೊಸೆದಂತೆ, ಬಳ್ಳಿ ಸುತ್ತಿದಂತೆ ಗೆರೆಗಳು ಕಾಣುತ್ತವೆಯೇ? ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ನೋಡಲು ಬಹಳ ಚಂದ. ಅವುಗಳಲ್ಲಿ ಹೆಚ್ಚಿನವು ಕಪ್ಪು ಮದ್ದಿನ ಕಾಲದವು. ಗಾಜಿನ ಬೀರುವಿನಲ್ಲಿ ಇಡಿ, ಪರೀಕ್ಷೆಗೆ ತರಬೇಡಿ. ಬೀರುವಿನಲ್ಲಿಟ್ಟರೂ ಲೈಸೆನ್ಸ್ ಬೇಕು, ಅದು ಬೇರೆ ಮಾತು.

4. ತೋಟಾ ಕೊಳ್ಳುವಾಗ

ಡಬ್ಬಿಯ ಮೇಲೆ ಮೂರು ವಿಷಯ ಓದಿ: ಉದ್ದ, ಚರೆಯ ತೂಕ, ಚರೆಯ ನಂಬರ್. ನಮ್ಮ ಅಂಗಡಿಗಳಲ್ಲಿ ಬಹಳ ಕಾಲದಿಂದ ಸಿಗುವುದು ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್ ತೋಟಾ. ಆಮದಿನವೂ ಇವೆ. ಎರಡು ನಮೂನೆ ಆರಿಸಿಕೊಳ್ಳಿ, ಆದರೆ ಚರೆಯ ತೂಕ, ನಂಬರ್ ಎರಡರಲ್ಲೂ ಒಂದೇ ಇರಲಿ. ಇಲ್ಲವಾದರೆ ಹೋಲಿಸುವುದಕ್ಕೆ ಅರ್ಥವಿಲ್ಲ.

ನಂಬರ್ ಜಾಸ್ತಿಯಾದಷ್ಟೂ ಚರೆ ಸಣ್ಣದು. ಇಂಗ್ಲಿಷ್ ಲೆಕ್ಕದಲ್ಲಿ ಒಂದು ಔನ್ಸಿಗೆ, ಅಂದರೆ 28.35 ಗ್ರಾಮಿಗೆ, 6ನೇ ನಂಬರ್ ಆದರೆ 270 ಚರೆ, 4ನೇ ನಂಬರ್ 170, ಬಿಬಿ 70, ಎಎಎ 35, ಎಸ್‌ಜಿ 8. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಎಣಿಸುವಾಗ ಬೇಕಾಗುತ್ತದೆ. ಅಮೆರಿಕದ ತೋಟಾದ 6ನೇ ನಂಬರ್ ಬೇರೆ. ಅದರ ಚರೆ ಸ್ವಲ್ಪ ದಪ್ಪ, ಔನ್ಸಿಗೆ 225 ಮಾತ್ರ. ಚರೆ ಎಣಿಸಲು ತೋಟಾ ಒಡೆಯಬೇಡಿ, ತೂಕದಿಂದ ಲೆಕ್ಕ ಹಾಕಿದರೆ ಸಾಕು.

ಬುಡದ ಹಿತ್ತಾಳೆ ಹಸಿರಾಗಿದ್ದರೆ, ಮೈ ಉಬ್ಬಿದ್ದರೆ, ಬಾಯಿಯ ಮಡಿಕೆ ಸಡಿಲವಾಗಿದ್ದರೆ ಆ ತೋಟಾ ಬೇಡ. ಹಳೆಯ ರಟ್ಟಿನ ತೋಟಾಗಳು ನಮ್ಮ ಮಳೆಗೆ ತೇವ ಹೀರಿಕೊಂಡು ಉಬ್ಬುತ್ತವೆ, ತೋಟಾ ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಅವನ್ನು ಒಲೆಗೆ ಹಾಕುವುದಾಗಲಿ ಹೊಳೆಗೆ ಎಸೆಯುವುದಾಗಲಿ ಮಾಡದೆ ಅಂಗಡಿಗೋ ಠಾಣೆಗೋ ಲೆಕ್ಕ ಕೊಟ್ಟು ಒಪ್ಪಿಸಿ.

ಮನೆಯಲ್ಲಿ 20 ಬೋರ್ ಕೋವಿಯೂ ಇದ್ದರೆ ಅದರ ಒಂದೇ ಒಂದು ತೋಟಾವೂ ಅಂದು ಜೇಬಿನಲ್ಲಿ ಇರಬಾರದು. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ತೋಟಾ ಮನೆ ಖಾಲಿ ಕಾಣುತ್ತದೆ. ಇನ್ನೊಂದು ತೋಟಾ ಹಾಕಿ ಹೊಡೆದರೆ ಆಗುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ಹಾಳೆ ಕಟ್ಟುವುದು

ಬೇಕಾದ ಸಾಮಾನು: ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಮರದ ಚೌಕಟ್ಟು ಒಂದು. ಅದೇ ಅಳತೆಯ ಹಾಳೆ ಇಪ್ಪತ್ತು, ಮೇಲೆ ಎರಡು ಮೂರು ಇರಲಿ. ಬ್ರೌನ್ ಪೇಪರ್ ರೋಲ್ ಒಳ್ಳೆಯದು. ಖರ್ಚು ಬೇಡ ಅಂದರೆ ಹಳೆ ದಿನಪತ್ರಿಕೆಯನ್ನು ಮೈದಾ ಅಂಟಿನಲ್ಲಿ ಜೋಡಿಸಿ ಹಿಂದಿನ ದಿನವೇ ಒಣಗಿಸಿಡಿ, ಆದರೆ ಅಕ್ಷರದ ನಡುವೆ ತೂತು ಹುಡುಕುವುದು ಕಣ್ಣಿಗೆ ಹಿಂಸೆ. ಅಳತೆ ಟೇಪು, ದಪ್ಪ ಮಾರ್ಕರ್ ಪೆನ್ನು, 15 ಇಂಚಿನ ದಾರ, ನೋಟ್ ಪುಸ್ತಕ. ಕಿವಿಗೆ ಮಫ್, ಕಣ್ಣಿಗೆ ಗಟ್ಟಿ ಕನ್ನಡಕ. ಹತ್ತಿ ಉಂಡೆ ಸಾಲದು. ಕೋವಿಯ ಸದ್ದು 140 ಡೆಸಿಬೆಲ್ ದಾಟುತ್ತದೆ, ಒಂದು ಸಲ ಹೋದ ಕಿವಿ ವಾಪಸ್ ಬರುವುದಿಲ್ಲ.

ಹಾಳೆಯ ನಡುವೆ ಅಂಗೈ ಅಗಲದ ಕಪ್ಪು ಗುರುತು ಹಾಕಿ. ಹಾಳೆಯ ಮೂಲೆಯಲ್ಲಿ ಹೊಡೆಯುವ ಮೊದಲೇ ಬರೆಯಿರಿ: ಯಾವ ತೋಟಾ, ಯಾವ ನಳಿಗೆ, ಎಷ್ಟನೆಯದು. ಆಮೇಲೆ ಬರೆಯೋಣ ಅಂದುಕೊಂಡರೆ ಸಂಜೆ ಮನೆಗೆ ಬಂದಾಗ ಇಪ್ಪತ್ತು ತೂತಿನ ಹಾಳೆ, ಯಾವುದು ಯಾವುದರದ್ದು ಗೊತ್ತಿಲ್ಲ. ನನ್ನ ಮೊದಲ ಪರೀಕ್ಷೆ ಹೀಗೇ ಹಾಳಾಯಿತು.

ಕೋವಿಯ ಬಾಯಿಂದ ಹಾಳೆಗೆ 40 ಗಜ, ಅಂದರೆ 36.6 ಮೀಟರ್. ಹೆಜ್ಜೆಯಲ್ಲಿ ಅಳೆಯಬೇಡಿ, ಟೇಪು ಹಿಡಿಯಿರಿ. ನಾಲ್ಕು ಮೀಟರ್ ವ್ಯತ್ಯಾಸಕ್ಕೇ ಶೇಕಡಾ ಲೆಕ್ಕ ತಲೆಕೆಳಗಾಗುತ್ತದೆ.

ಹೊತ್ತು ಯಾವುದು ಅಂದರೆ ಬೆಳಗ್ಗೆ, ಮಂಜು ಪೂರ್ತಿ ಕರಗಿದ ಮೇಲೆ, ಗಾಳಿ ಏಳುವ ಮುಂಚೆ. ನಮ್ಮ ಕಡೆ ಅಕ್ಟೋಬರ್ ಕೊನೆ, ನವೆಂಬರ್ ಚೆನ್ನಾಗಿರುತ್ತದೆ. ಫೆಬ್ರವರಿ, ಮಾರ್ಚ್ ಬೇಡ. ಆಗ ತರಗೆಲೆ ಒಣಗಿ ಹಪ್ಪಳದಂತಿರುತ್ತದೆ, ಹೊಗೆಯಾಡುವ ವ್ಯಾಡ್ ಒಂದು ಬಿದ್ದರೂ ಸಾಕು.

6. ಹೊಡೆಯುವುದು

ಹೊಡೆಯುವುದು ಲೈಸೆನ್ಸ್ ಹೆಸರಿನವರು ಮಾತ್ರ. "ಭಾವ, ನೀನೂ ಒಂದು ಈಡು ಹೊಡಿ" ಅಂತ ಕೊಡಬೇಡಿ. ಜೊತೆಗೆ ಒಬ್ಬರು ಇರಲಿ, ಅವರು ನಿಮ್ಮ ಹಿಂದೆ ನಿಲ್ಲಲಿ. ಹಾಳೆ ಬದಲಿಸಲು ಹೋಗುವಾಗ ಪ್ರತಿ ಸಲ ಕೋವಿ ಮುರಿದು, ಖಾಲಿ ಮಾಡಿ, ಮೇಜಿನ ಮೇಲಿಡಿ. ನಾಯಿ ಕರೆದುಕೊಂಡು ಹೋಗಬೇಡಿ.

ಒಂದು ಸಲಕ್ಕೆ ಒಂದೇ ತೋಟಾ ಹಾಕಿ. ಜೋಡಿ ನಳಿಗೆಯಲ್ಲಿ ಎರಡೂ ತುಂಬುವ ಅಭ್ಯಾಸ ಕೈಗೆ ಬಂದಿರುತ್ತದೆ, ಇವತ್ತು ಅದು ಬೇಡ. ಕೂತು, ಮುಂಗೈಯನ್ನು ಮರಳಿನ ಚೀಲದ ಮೇಲಿಟ್ಟು, ನಡುವಿನ ಗುರುತಿಗೆ ಹಿಡಿದು ಹೊಡೆಯಿರಿ. ನಳಿಗೆಯನ್ನೇ ಚೀಲದ ಮೇಲೆ ಇಡಬೇಡಿ, ನೆಗೆಯುತ್ತದೆ. ಒಂದು ಈಡು, ಒಂದು ಹಾಳೆ. ಐದಾದ ಮೇಲೆ ನಳಿಗೆ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಆರಲು ಬಿಡಿ. ಭುಜ ನೊಂದರೆ ನಿಲ್ಲಿಸಿ. ನೊಂದ ಭುಜ ಕಣ್ಣು ಮುಚ್ಚಿ ಹೊಡೆಯುತ್ತದೆ.

ಎರಡು ತಾಪತ್ರಯ ಬರಬಹುದು. ಒಂದು, ಟ್ರಿಗರ್ ಎಳೆದರೂ ಹಾರದೆ ಇರುವುದು. ಕೂಡಲೇ ಕೋವಿ ಮುರಿಯಬೇಡಿ. ಬಾಯಿ ಹಾಳೆಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ, ಕೆಲವು ತೋಟಾ ತಡವಾಗಿ ಹೊತ್ತಿಕೊಳ್ಳುತ್ತವೆ. ಆಮೇಲೆ ಮುಖ ಪಕ್ಕಕ್ಕೆ ಇಟ್ಟು ತೆಗೆಯಿರಿ. ಎರಡನೆಯದು ಇದಕ್ಕಿಂತ ಕೆಟ್ಟದ್ದು: ಢಂ ಅನ್ನುವ ಬದಲು 'ಫುಸ್' ಎಂದು ಸಣ್ಣ ಸದ್ದು, ಭುಜಕ್ಕೆ ಪೆಟ್ಟೇ ಇಲ್ಲ. ಮದ್ದು ಅರೆಬರೆ ಉರಿದು ವ್ಯಾಡ್ ನಳಿಗೆಯಲ್ಲೇ ನಿಂತಿರಬಹುದು. ಒಂದು ನಿಮಿಷ ಕಾದು, ಖಾಲಿ ಮಾಡಿ, ನಳಿಗೆ ಕಳಚಿ, ಒಳಗೆ ಬೆಳಕು ಕಾಣುವವರೆಗೆ ಮುಂದಿನ ತೋಟಾ ಕೈಗೆತ್ತಿಕೊಳ್ಳಬೇಡಿ.

7. ಎಣಿಸುವುದು

ಇದು ಬೇಜಾರಿನ ಕೆಲಸ. ಮನೆಗೆ ತಂದು, ಜಗಲಿಯಲ್ಲಿ ಹಾಳೆ ಹಾಸಿ, ಕಾಫಿ ಲೋಟ ಪಕ್ಕಕ್ಕಿಟ್ಟು ಮಾಡಿ. ಮೊದಲು ಕೈ ತೊಳೆಯಿರಿ, ಸೀಸ ಅದು.

ತೂತು ಎಲ್ಲಿ ದಟ್ಟವಾಗಿದೆಯೋ ಅದರ ನಡುವೆ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಮಾರ್ಕರ್ ಕಟ್ಟಿ ಸುತ್ತು ಎಳೆಯಿರಿ. 30 ಇಂಚಿನ ವೃತ್ತ ಸಿಗುತ್ತದೆ. ಗುರುತಿನ ಸುತ್ತ ಎಳೆಯಬೇಡಿ. ಗುರುತಿನಿಂದ ಎಷ್ಟು ಆಚೆ ಹೋಗಿದೆ ಅನ್ನುವುದು ಬೇರೆ ಲೆಕ್ಕ, ಅದನ್ನು ಪಕ್ಕದಲ್ಲಿ ಬರೆದಿಡಿ. ವೃತ್ತದೊಳಗಿನ ತೂತು ಎಣಿಸುತ್ತಾ ಪ್ರತಿಯೊಂದಕ್ಕೂ ಪೆನ್ನಿನ ಚುಕ್ಕೆ ಇಡುತ್ತಾ ಹೋಗಿ. ವೃತ್ತವನ್ನು ನಾಲ್ಕು ಭಾಗ ಮಾಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ವ್ಯಾಡ್ ಹರಿದ ದೊಡ್ಡ ತೂತು ಲೆಕ್ಕಕ್ಕಿಲ್ಲ.

ನನ್ನ ಕೋವಿಯ ಪುಸ್ತಕದಿಂದ ಒಂದು ಪುಟ ಇಲ್ಲಿದೆ. 30 ಗ್ರಾಂ, 6ನೇ ನಂಬರ್. ಒಟ್ಟು ಚರೆ ಸುಮಾರು 285. ಮೊದಲ ನಮೂನೆ, ಎಡ ನಳಿಗೆ: 196, 188, 203, 191, 199. ಸರಾಸರಿ 195, ಅಂದರೆ ಒಟ್ಟು ಚರೆಯ ಶೇ. 68. ಅದೇ ತೋಟಾ ಬಲ ನಳಿಗೆಯಲ್ಲಿ: 148, 131, 160, 139, 152. ಸರಾಸರಿ 146, ಶೇ. 51. ಎರಡನೆಯ ನಮೂನೆ, ಎಡ ನಳಿಗೆ: 172, 214, 150, 205, 161. ಸರಾಸರಿ 180, ಶೇ. 63.

8. ಹಾಳೆ ಏನು ಹೇಳುತ್ತಿದೆ

40 ಗಜದಲ್ಲಿ ಶೇ. 40 ಆಸುಪಾಸು ಬಂದರೆ ಚೋಕ್ ಇಲ್ಲದ ನಳಿಗೆ. 55 ಬಂದರೆ ಕಾಲು ಚೋಕ್, 60ಕ್ಕೆ ಅರ್ಧ, 70ಕ್ಕೆ ಪೂರ್ತಿ. ನಳಿಗೆಯ ಮೇಲೆ ಏನೇ ಬರೆದಿರಲಿ, ಹಾಳೆಯ ಲೆಕ್ಕವೇ ಲೆಕ್ಕ. ಈಗಿನ ಪ್ಲಾಸ್ಟಿಕ್ ಬಟ್ಟಲಿನ ತೋಟಾಗಳು ಹಳೆಯ ಕೋವಿಯಲ್ಲೂ ಚರೆಯನ್ನು ಸ್ವಲ್ಪ ಒತ್ತಾಗಿ ಕಳಿಸುತ್ತವೆ. ಹಾಗಾಗಿ ಕಾಲು ಚೋಕ್ ಅಂತ ಬರೆದದ್ದು ಅರ್ಧದಂತೆ ನಡೆದುಕೊಂಡರೆ ಗಾಬರಿ ಬೇಡ.

ಸರಾಸರಿ ಮಾತ್ರ ನೋಡಿ ಖುಷಿಪಡುವುದು ದೊಡ್ಡ ತಪ್ಪು. ನನ್ನ ಎರಡನೆಯ ನಮೂನೆ ನೋಡಿ. ಒಂದು ಈಡು 214, ಅದರ ಮುಂದಿನದೇ 150. ಮೊದಲು ಹೊಡೆದ ಎರಡು ಹಾಳೆ ಮಾತ್ರ ನೋಡಿದ್ದರೆ "ಆಹಾ" ಅನ್ನುತ್ತಿದ್ದೆ. ಮೊದಲ ನಮೂನೆ ಎಡ ನಳಿಗೆಯಲ್ಲಿ 188ರಿಂದ 203ರ ಒಳಗೇ ಇತ್ತು. ಅಳೆದು ಬಡಿಸಿದ ಹಾಗೆ. ನಾನು ಅದನ್ನೇ ಇಟ್ಟುಕೊಂಡೆ. ಬೆಲೆ ಕಡಿಮೆಯದೂ ಅದೇ ಆಗಿತ್ತು ಅನ್ನಿ.

ಆಮೇಲೆ ಹಾಳೆಯನ್ನು ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ. ವೃತ್ತದೊಳಗೆ ತಟ್ಟೆಯಗಲದ ಖಾಲಿ ಜಾಗಗಳಿವೆಯೇ? ಒಂದು ಕಡೆ ಮಾತ್ರ ಗುಡ್ಡೆ ಬಿದ್ದಿದೆಯೇ? ಐದೂ ಹಾಳೆಯಲ್ಲಿ ಒಂದೇ ಕಡೆ ಖಾಲಿ ಇದ್ದರೆ ಚೋಕ್ ಬಳಿ ಡೊಂಕೋ ಅಂಟಿದ ಸೀಸವೋ ಇರಬಹುದು. ಬೇರೆ ಬೇರೆ ಕಡೆ ಇದ್ದರೆ ಆ ತೋಟಾ ನಿಮ್ಮ ನಳಿಗೆಗೆ ಒಗ್ಗಿಲ್ಲ.

ವೃತ್ತದ ನಡು ಗುರುತಿನಿಂದ ಐದೂ ಸಲ ಒಂದೇ ದಿಕ್ಕಿಗೆ ಅಡಿಯಷ್ಟು ಸರಿದಿದೆಯಾ? ಕೋವಿಯ ಹಿಡಿ ನಿಮ್ಮ ಮೈಗೆ ಹೊಂದುತ್ತಿಲ್ಲ, ಅಥವಾ ನಳಿಗೆ ಡೊಂಕು. ಎರಡನೇ ಮಾತು ನಂಬುವ ಮೊದಲು ಕ್ಲಬ್ಬಿನ ಅನುಭವಸ್ಥರಿಂದ ನಿಮ್ಮ ಕೆನ್ನೆ ಹಿಡಿಯ ಮೇಲೆ ಕೂರುವ ಬಗೆ ನೋಡಿಸಿ. ಹತ್ತರಲ್ಲಿ ಒಂಬತ್ತು ಸಲ ತಲೆ ಎತ್ತಿ ಹೊಡೆಯುವುದೇ ಕಾರಣ, ಅಲ್ವಾ?

ಎಸ್‌ಜಿ, ಎಲ್‌ಜಿಯಂಥ ದಪ್ಪ ಚರೆಯ ತೋಟಾಗಳಿಗೆ ಈ ಶೇಕಡಾ ಲೆಕ್ಕ ಒಗ್ಗದು. ಒಳಗೆ ಇರುವುದೇ ಆರೋ ಎಂಟೋ ಒಂಬತ್ತೋ. ಅವು ವೃತ್ತದಿಂದ ಆಚೆ ಎಷ್ಟು ಹೋದವು ಅನ್ನುವುದನ್ನೇ ನೋಡಬೇಕು. ಆಚೆ ಹೋದ ಒಂದೊಂದು ಚರೆಯೂ ಅರ್ಧ ಕಿಲೋಮೀಟರ್‌ಗೂ ಜಾಸ್ತಿ ಹೋಗಬಲ್ಲದು ಅನ್ನುವುದು ಮೇಲೆಯೇ ಇದೆ.

ರೈಫಲ್ ಇರುವವರಿಗೆ

ಪಾಯಿಂಟ್ 315ರಲ್ಲೂ ಯೋಚನೆ ಇದೇ. ಬೇರೆ ಬೇರೆ ಲಾಟಿನ ತೋಟಾ ತಂದು, 50 ಮೀಟರ್‌ನಲ್ಲಿ, ಮರಳಿನ ಚೀಲದ ಮೇಲೆ ಕೈಯಿಟ್ಟು, ಒಂದು ಹಾಳೆಗೆ ಐದು ಗುಂಡು. ಅತಿ ದೂರದ ಎರಡು ತೂತಿನ ನಡುವಿನ ಅಂತರ ಅಳೆಯಿರಿ, ನಡುವಿನಿಂದ ನಡುವಿಗೆ. ಅದನ್ನು ಗ್ರೂಪ್ ಅನ್ನುತ್ತಾರೆ. ಒಂದು ಗುಂಡು ಎಡಕ್ಕೆ ಹೋಯಿತು ಅಂತ ಕೂಡಲೇ ಸೈಟ್ ತಿರುಗಿಸಲು ಹೋಗಬೇಡಿ, ಐದೂ ಆಗಲಿ, ಗ್ರೂಪಿನ ನಡು ಎಲ್ಲಿದೆ ನೋಡಿ. ತೋಟದ ಬರೆ ಇದಕ್ಕೆ ಸಾಲದು. ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುವಂಥದ್ದು, ಕ್ಲಬ್ಬಿನ ಮೈದಾನ ಬಿಟ್ಟು ಬೇರೆ ಕಡೆ ಈ ಪರೀಕ್ಷೆ ಬೇಡವೇ ಬೇಡ.

9. ಅಂದೇ ಸಂಜೆ

ನಾಳೆ ಒರೆಸೋಣ ಅನ್ನಬೇಡಿ. ನಮ್ಮ ಹವೆಯಲ್ಲಿ ಒಂದು ರಾತ್ರಿ ಸಾಕು, ಬೆರಳಚ್ಚು ಕೂಡ ತುಕ್ಕಾಗಿ ಏಳುತ್ತದೆ. ಹಿತ್ತಾಳೆ ಬ್ರಷ್‌ನಿಂದ ತೋಟಾ ಮನೆಯ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ, ಒಣ ಬಟ್ಟೆ ಎಳೆಯಿರಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ. ಆಮೇಲೆ ಕೋವಿ ಎಣ್ಣೆ ತೆಳುವಾಗಿ. ತೆಂಗಿನೆಣ್ಣೆ ಹಾಕುವವರು ಇನ್ನೂ ಇದ್ದಾರೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಗ್ಗೆ ನಿಮ್ಮ ಸ್ನಾನದ ಮನೆಯ ಬಾಟಲಿ ನೋಡಿದರೆ ಗೊತ್ತಾಗುತ್ತದೆ. ಕೋವಿಯ ಸ್ಪ್ರಿಂಗ್ ಸುತ್ತಲೂ ಅದೇ ಗತಿ.

ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೀಗ ಹಾಕುವ ಕಬ್ಬಿಣದ ಬೀರು, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ತಿಂಗಳಿಗೊಮ್ಮೆ ಆ ಪೊಟ್ಟಣ ಬಿಸಿಮಾಡಿ ಒಣಗಿಸಿ. ನಳಿಗೆಯ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಕುಂಬಾರ ಹುಳ ಬರುವುದಿಲ್ಲ, ಬಿರಡೆ ಮಾತ್ರ ಹಾಕಬೇಡಿ. ಬಿರಡೆ ಮರೆತು ಹೊಡೆದವರಿದ್ದಾರೆ. ತೋಟಾ ಬೇರೆ ಬೀಗದಲ್ಲಿ ಇರಲಿ, ಗಾಳಿಯಾಡದ ಡಬ್ಬಿಯಲ್ಲಿ.

ಖಾಲಿ ತೋಟಾ ಎಣಿಸಿ ತನ್ನಿ, ಎಸೆಯಬೇಡಿ. ಲೆಕ್ಕ ಕೇಳಿದಾಗ ತೋರಿಸಲು ಇರಲಿ. ಗೆದ್ದ ತೋಟಾದ ಹೆಸರು, ಉದ್ದ, ತೂಕ, ನಂಬರ್, ಡಬ್ಬಿಯ ಮೇಲಿನ ಲಾಟ್ ನಂಬರ್ ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲಿನ ಒಳಗಡೆ ಅಂಟಿಸಿ. ಮುಂದಿನ ಸಲ ಲಾಟ್ ಬದಲಾಗಿದ್ದರೆ ಒಂದೊಂದು ನಳಿಗೆಗೆ ಎರಡೇ ಹಾಳೆ ಹೊಡೆದು ಹಳೆಯ ಅಂಕಿಗೆ ಹೊಂದಿಸಿ ನೋಡಿ.